ವಿಳಾಸದ ವ್ಯಾಪಾರ: ಡೊಮೇನ್ ಹೆಸರು ಮಾರುವ ದಾರಿಗಳು

ನೂರು ಡೊಮೇನ್ ಹೆಸರುಗಳನ್ನು ಮಾರಾಟಕ್ಕಿಟ್ಟವರಿಗೆ ವರ್ಷದಲ್ಲಿ ಒಂದೋ ಎರಡೋ ಮಾರಾಟವಾದರೆ ಅದೇ ಈ ವ್ಯಾಪಾರದ ಸಹಜ ಗತಿ. ಬಹುಕಾಲದಿಂದ ಇದರಲ್ಲೇ ಬದುಕು ಕಟ್ಟಿಕೊಂಡವರು ಹೇಳುವ ಲೆಕ್ಕ ಇದು. ಹೊಸಬರ ಕಿವಿಗೆ ಮೊದಲು ಬೀಳುವುದು ಮಾತ್ರ ಬೇರೆ ಸುದ್ದಿ. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರಿಗೆ ಹೋಯಿತು. ಫೇಸ್‌ಬುಕ್ ಕಂಪನಿ 2010ರಲ್ಲಿ ಎಫ್‌ಬಿ ಡಾಟ್ ಕಾಮ್ ಎಂಬ ಎರಡಕ್ಷರಕ್ಕಾಗಿ ಅಮೆರಿಕದ ರೈತರ ಒಕ್ಕೂಟವೊಂದಕ್ಕೆ 85 ಲಕ್ಷ ಡಾಲರ್ ಕೊಟ್ಟಿತು. ಇವೆಲ್ಲ ನಿಜವೇ. ಆದರೆ ಈ ಸುದ್ದಿ ಓದಿ ರಾತ್ರೋರಾತ್ರಿ ಐವತ್ತು ಹೆಸರು ನೋಂದಾಯಿಸಿದ ತರುಣರು ಮುಂದಿನ ವರ್ಷ ನವೀಕರಣದ ಬಿಲ್ಲು ಬಂದಾಗ ಕೈಚೆಲ್ಲುವುದೂ ಅಷ್ಟೇ ನಿಜ.

ಲೆಕ್ಕವನ್ನೇ ಹಾಕಿ ನೋಡೋಣ. ಡಾಟ್ ಕಾಮ್ ಹೆಸರುಗಳ ಮೂಲ ದಫ್ತರ ಇರುವುದು ಅಮೆರಿಕದ ವೆರಿಸೈನ್ ಕಂಪನಿಯ ಕೈಯಲ್ಲಿ. ಅದು, ನಮಗೆ ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್‌ಗಳಿಂದ ಪಡೆಯುವ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 10.26 ಡಾಲರಿಗೆ ಏರಿತು. ರಿಜಿಸ್ಟ್ರಾರ್‌ನ ಲಾಭ, ಜಿಎಸ್‌ಟಿ ಎಲ್ಲ ಸೇರಿ ನಮ್ಮಲ್ಲಿ ಒಂದು ಹೆಸರಿನ ನವೀಕರಣಕ್ಕೆ 1,200 ರೂಪಾಯಿ ಎಂದಿಟ್ಟುಕೊಂಡರೆ ನೂರು ಹೆಸರಿಗೆ ವರ್ಷಕ್ಕೆ 1.2 ಲಕ್ಷ. ಎರಡು ಹೆಸರು ತಲಾ 2,000 ಡಾಲರಿಗೆ ಮಾರಾಟವಾದವು ಎನ್ನಿ. ಡಾಲರಿಗೆ 85 ರೂಪಾಯಿಯಂತೆ 3.4 ಲಕ್ಷ ಬಂತು. ಮಾರಿಕೊಟ್ಟ ತಾಣದ ಕಮಿಷನ್ ಶೇ. 20 ಕಳೆದರೆ 2.72 ಲಕ್ಷ, ನವೀಕರಣವನ್ನೂ ಕಳೆದರೆ 1.52 ಲಕ್ಷ. ನೂರು ಹೆಸರು ಕೊಳ್ಳಲು ಹಾಕಿದ ಅಸಲು ಕೂಡ ಇದರಲ್ಲೇ ಹುಟ್ಟಬೇಕು. ಅದೇ ಎರಡು ಹೆಸರನ್ನು ಆತುರಕ್ಕೆ ಬಿದ್ದು ಇನ್ನೊಬ್ಬ ವ್ಯಾಪಾರಿಗೆ ನೂರು ನೂರು ಡಾಲರಿಗೆ ಕೊಟ್ಟಿದ್ದರೆ ಕೈಗೆ ಬರುತ್ತಿದ್ದುದು 17,000 ರೂಪಾಯಿ. ವರ್ಷದ ಕೊನೆಗೆ ಲಕ್ಷಕ್ಕೂ ಮೀರಿದ ನಷ್ಟ. ಹೆಸರು ಅದೇ, ವರ್ಷ ಅದೇ, ಕೊಂಡವರು ಮಾತ್ರ ಬೇರೆ. ಆದ್ದರಿಂದ ಡೊಮೇನ್ ಮಾರುವ ಯಾವ ದಾರಿಯನ್ನು ನೋಡಿದರೂ ನಾನು ಕೇಳುವ ಪ್ರಶ್ನೆ ಒಂದೇ: ಈ ದಾರಿ ನಮ್ಮನ್ನು ಹೆಸರನ್ನು ಬಳಸುವವರ ಬಾಗಿಲಿಗೆ ಒಯ್ಯುತ್ತದೆಯೋ, ಅದನ್ನು ಮತ್ತೆ ಮಾರುವವರ ಬಾಗಿಲಿಗೋ?

ಈ ವ್ಯಾಪಾರ ಹುಟ್ಟಿದ್ದು ಹೇಗೆಂದು ತಿಳಿದರೆ ಕೋಟಿಗಳ ಸುದ್ದಿಯ ಗುಟ್ಟೂ ತಿಳಿಯುತ್ತದೆ. ಮೊದಲ ಡಾಟ್ ಕಾಮ್ ಹೆಸರು ಸಿಂಬಾಲಿಕ್ಸ್ ಡಾಟ್ ಕಾಮ್ ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಅಲ್ಲಿಂದ ಹತ್ತು ವರ್ಷ ನೋಂದಣಿಗೆ ಶುಲ್ಕವೇ ಇರಲಿಲ್ಲ. 1995ರ ಸೆಪ್ಟೆಂಬರ್‌ನಿಂದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ಕೇಳತೊಡಗಿತು. ಆಗಲೂ ನಿಘಂಟಿನ ಅರ್ಧಕ್ಕರ್ಧ ಪದಗಳು ಹಾಗೇ ಬಿದ್ದಿದ್ದವು. ಅಂದು ಹಿಡಿದಿಟ್ಟುಕೊಂಡವರು ಇಂದಿನ ಕೋಟ್ಯಧೀಶರು. ಬಿಸಿನೆಸ್ ಡಾಟ್ ಕಾಮ್ 1997ರಲ್ಲಿ 1.5 ಲಕ್ಷ ಡಾಲರಿಗೆ ಮಾರಾಟವಾದಾಗ ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು; ಎರಡೇ ವರ್ಷಕ್ಕೆ ಅದು 75 ಲಕ್ಷ ಡಾಲರಿಗೆ ಹೋಯಿತು. ಈಗ ಡಾಟ್ ಕಾಮ್ ಒಂದರಲ್ಲೇ 15 ಕೋಟಿಗೂ ಹೆಚ್ಚು ಹೆಸರುಗಳಿವೆ. ಇಂಗ್ಲಿಷಿನ ಸಾಮಾನ್ಯ ಪದಗಳಿರಲಿ, ಮೂರಕ್ಷರ ನಾಲ್ಕಕ್ಷರದ ಯಾವ ಜೋಡಣೆಯೂ ಹೊಸದಾಗಿ ನೋಂದಾಯಿಸಲು ಸಿಗುವುದಿಲ್ಲ.

ಹಾಗಾದರೆ ಇಂದು ಸರಕು ಎಲ್ಲಿಂದ ಬರುತ್ತದೆ? ಹೆಚ್ಚಿನ ಪಾಲು, ಯಾರೋ ನವೀಕರಿಸದೆ ಬಿಟ್ಟ ಹೆಸರುಗಳಿಂದ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಅದನ್ನು ಹೆಚ್ಚೆಂದರೆ 45 ದಿನ ಇಟ್ಟುಕೊಳ್ಳಬಹುದು. ಬಹಳಷ್ಟು ರಿಜಿಸ್ಟ್ರಾರ್‌ಗಳು ಆ ಅವಧಿಯಲ್ಲೇ ಹರಾಜಿಗೆ ಹಾಕುತ್ತಾರೆ. ಯಾರೂ ಕೊಳ್ಳದಿದ್ದರೆ ದಂಡ ಕಟ್ಟಿ ಬಿಡಿಸಿಕೊಳ್ಳಲು ಮಾಲೀಕರಿಗೆ 30 ದಿನ, ಆಮೇಲೆ ಅಳಿಸಿಹೋಗುವ 5 ದಿನ, ಅಲ್ಲಿಗೆ ಹೆಸರು ಬಯಲಿಗೆ ಬೀಳುತ್ತದೆ. ಬಿದ್ದ ಕ್ಷಣದಲ್ಲೇ ಹಿಡಿಯಲು ಡ್ರಾಪ್‌ಕ್ಯಾಚ್, ನೇಮ್‌ಜೆಟ್, ಸ್ನ್ಯಾಪ್‌ನೇಮ್ಸ್‌ನಂಥ ಸಂಸ್ಥೆಗಳು ಯಂತ್ರಗಳನ್ನು ಹೂಡಿ ಕಾದಿರುತ್ತವೆ. ಲಾಭ ನಿರ್ಧಾರವಾಗುವುದು ಬಹುಪಾಲು ಇಲ್ಲೇ. ಹರಾಜಿನ ಬಿಸಿಯಲ್ಲಿ 900 ಡಾಲರಿಗೆ ಕೊಂಡ ಹೆಸರನ್ನು 1,500ಕ್ಕೆ ಮಾರಿದರೆ ಕಮಿಷನ್ ಮತ್ತು ನಾಲ್ಕು ವರ್ಷದ ನವೀಕರಣ ಕಳೆದು ಉಳಿಯುವುದು ನಾಲ್ಕು ಕಾಸು.

ಕೊಳ್ಳುವಾಗ ನೋಡಬೇಕಾದ್ದು ಈ ಹೆಸರಿನ ಹಿಂದೆ ಎಷ್ಟು ಗಿರಾಕಿಗಳು ನಿಂತಿದ್ದಾರೆ ಎಂಬುದನ್ನು. ಒಂದೇ ಹೆಸರಿನಲ್ಲಿ ಅಥವಾ ಅದಕ್ಕೊಂದು ಬಾಲ ಸೇರಿಸಿಕೊಂಡು ಎಷ್ಟು ಕಂಪನಿಗಳು ವ್ಯವಹಾರ ನಡೆಸುತ್ತಿವೆ? ಅದೇ ಪದ ಡಾಟ್ ನೆಟ್, ಡಾಟ್ ಇನ್, ಡಾಟ್ ಐಒಗಳಲ್ಲಿ ಎಷ್ಟು ಕಡೆ ಬಳಕೆಯಲ್ಲಿದೆ? ಗೂಗಲ್‌ನಲ್ಲಿ ಆ ಪದಕ್ಕೆ ಜಾಹೀರಾತು ಕೊಡುವವರಿದ್ದಾರೆಯೇ? ಇದಕ್ಕೆಲ್ಲ ಟೆಸ್ಲಾ ಕಂಪನಿಯದು ಒಳ್ಳೆಯ ಉದಾಹರಣೆ. ಅದು ವರ್ಷಗಟ್ಟಲೆ ಟೆಸ್ಲಾಮೋಟರ್ಸ್ ಡಾಟ್ ಕಾಮ್ ವಿಳಾಸದಲ್ಲೇ ಇತ್ತು. ಟೆಸ್ಲಾ ಡಾಟ್ ಕಾಮ್ ಕೈಗೆ ಬಂದದ್ದು 2016ರಲ್ಲಿ. ಅದಕ್ಕೆ ದಶಕಕ್ಕೂ ಹೆಚ್ಚು ಕಾಲ ಮತ್ತು 1.1 ಕೋಟಿ ಡಾಲರ್ ಹಿಡಿಯಿತೆಂದು ಇಲಾನ್ ಮಸ್ಕ್ ಅವರೇ ಹೇಳಿಕೊಂಡಿದ್ದಾರೆ. ಕಂಪನಿ ಬೆಳೆದು, ಉದ್ದ ಹೆಸರು ಬಿಗಿಯಾಗತೊಡಗಿ, ಗಿಡ್ಡ ಹೆಸರಿಲ್ಲದೆ ಆಗುವುದಿಲ್ಲ ಎನ್ನುವ ಹಂತ ಬಂದಾಗ ಬರುವ ಗಿರಾಕಿಯೇ ನಿಜವಾದ ಗಿರಾಕಿ. ಅಂಥವರು ಯಾವತ್ತು ಬರುತ್ತಾರೆಂದು ಹೇಳಲಾಗದು, ಆದರೆ ಯಾವ ಬಗೆಯ ಹೆಸರಿಗೆ ಬರುತ್ತಾರೆಂದು ಹೇಳಬಹುದು.

ಇನ್ನು ದಾರಿಗಳ ವಿಚಾರ. ಹಳೆಯ ದಾರಿ ಪಾರ್ಕಿಂಗ್. ಬಳಸದ ಹೆಸರಿನ ಮೇಲೆ ಜಾಹೀರಾತಿನ ಪುಟವೊಂದನ್ನು ಹಾಕಿಟ್ಟು, ಬಂದವರು ಒತ್ತಿದ ಪ್ರತಿ ಕ್ಲಿಕ್ಕಿಗೆ ಚಿಲ್ಲರೆ ಎಣಿಸುವುದು. ಜನ ವಿಳಾಸವನ್ನು ಬ್ರೌಸರಿನಲ್ಲೇ ಊಹಿಸಿ ಬರೆಯುತ್ತಿದ್ದ 2000ದ ದಶಕದಲ್ಲಿ ಇದರಿಂದಲೇ ಶ್ರೀಮಂತರಾದವರಿದ್ದಾರೆ. ಫೋನು, ಆ್ಯಪ್, ಹುಡುಕಾಟದ ಡಬ್ಬಿ ಬಂದ ಮೇಲೆ ಆ ಅಭ್ಯಾಸ ಹೋಯಿತು. 2025ರಲ್ಲಿ ಗೂಗಲ್ ತನ್ನ ಜಾಹೀರಾತುಗಳು ಪಾರ್ಕ್ ಮಾಡಿದ ಪುಟಗಳಲ್ಲಿ ತಾನಾಗಿ ಕಾಣಿಸಿಕೊಳ್ಳುವುದನ್ನೂ ನಿಲ್ಲಿಸಿತು. ಇಂದು ಹೊಸದಾಗಿ ಶುರುಮಾಡುವವರು ಇದನ್ನು ಆದಾಯದ ಬಾಬ್ತಿನಲ್ಲಿ ಬರೆದುಕೊಳ್ಳಬಾರದು.

ಹರಾಜಿನಲ್ಲಿ ಮಾರುವುದು ಎರಡನೆಯ ದಾರಿ. ಗೋಡ್ಯಾಡಿಯ ಹರಾಜು, ಆಸ್ಟ್ರೇಲಿಯದ ಫ್ಲಿಪ್ಪಾ, ಜರ್ಮನಿಯ ಸೆಡೋ ಇವೆಲ್ಲ ಹೆಸರಾದ ಕಟ್ಟೆಗಳು. ಆದರೆ ಈ ಕಟ್ಟೆಗಳಲ್ಲಿ ಕೂಗುವವರು ಹೆಚ್ಚಾಗಿ ನಮ್ಮಂಥ ವ್ಯಾಪಾರಿಗಳೇ. ಅವರಿಗೂ ಲಾಭ ಬೇಕು, ಹಾಗಾಗಿ ಅವರು ಕೊಡುವುದು ಸಗಟು ಬೆಲೆ. ಆಸ್ಪತ್ರೆಗೋ ಕಾಲೇಜು ಫೀಸಿಗೋ ತುರ್ತಾಗಿ ಹಣ ಬೇಕಾದವರಿಗೆ, ಅಥವಾ ಮುಂದಿನ ತಿಂಗಳು ಬಿಟ್ಟುಬಿಡಬೇಕೆಂದಿರುವ ಹೆಸರುಗಳಿಗೆ, ಈ ದಾರಿ ಸರಿ. ಒಳ್ಳೆಯ ಹೆಸರನ್ನು ಕನಿಷ್ಠ ಬೆಲೆ ನಿಗದಿಪಡಿಸದೆ ಹರಾಜಿಗೆ ಇಡುವುದು ನಮ್ಮ ಲಾಭವನ್ನು ಮುಂದಿನವರ ಕೈಗೆ ಕೊಟ್ಟು ಬಂದಂತೆ.

ನನ್ನ ಮಟ್ಟಿಗೆ, ಸಣ್ಣ ಬಂಡವಾಳದವರಿಗೆ ಎಲ್ಲಕ್ಕಿಂತ ಒಪ್ಪುವ ದಾರಿ ಮೂರನೆಯದು: ಹೆಸರಿಗೆ ನಿಗದಿತ ಬೆಲೆ ಹಾಕಿ, ದೊಡ್ಡ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಪಟ್ಟಿ ಮಾಡಿ, ಕಾಯುವುದು. ನೋಡಲು ಇದು ಸೋಮಾರಿಗಳ ದಾರಿಯಂತೆ ಕಾಣುತ್ತದೆ. ಅದು ಕೆಲಸ ಮಾಡುವ ಬಗೆಯನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಹುಬ್ಬಳ್ಳಿಯಲ್ಲೋ ಹ್ಯಾಂಬರ್ಗಿನಲ್ಲೋ ಒಬ್ಬರು ಹೊಸ ಕಂಪನಿ ತೆರೆಯುತ್ತಾರೆ. ತಮ್ಮ ರಿಜಿಸ್ಟ್ರಾರ್ ತಾಣದಲ್ಲಿ ಬೇಕಾದ ಹೆಸರು ಬರೆದು ಹುಡುಕುತ್ತಾರೆ. ನಮ್ಮ ಹೆಸರು ಆಫ್ಟರ್ನಿಕ್‌ನಲ್ಲೋ ಸೆಡೋದಲ್ಲೋ ಪಟ್ಟಿಯಾಗಿದ್ದರೆ, ಅದೇ ಪರದೆಯಲ್ಲಿ, ಅದೇ ಕ್ಷಣದಲ್ಲಿ, ಈ ಹೆಸರು 2,488 ಡಾಲರಿಗೆ ಲಭ್ಯ ಎಂದು ಕಾಣಿಸುತ್ತದೆ. ಈ ಜಾಲಗಳು ನೂರಾರು ರಿಜಿಸ್ಟ್ರಾರ್ ಮತ್ತು ಮರುಮಾರಾಟಗಾರರ ಹುಡುಕಾಟಕ್ಕೆ ಜೋಡಿಸಿಕೊಂಡಿವೆ. ಗಿರಾಕಿ ಕಾರ್ಡಿನಲ್ಲಿ ಹಣ ಕಟ್ಟಿದರೆ, ಮೊದಲೇ ಒಪ್ಪಿಗೆ ಕೊಟ್ಟಿಟ್ಟ ಹೆಸರು ನಮ್ಮ ಖಾತೆಯಿಂದ ತಾನಾಗಿ ವರ್ಗವಾಗುತ್ತದೆ. ಮಾರಿದವರು ಯಾರು, ಕೊಂಡವರು ಯಾರು ಎಂದು ಪರಸ್ಪರ ತಿಳಿಯುವುದೇ ಇಲ್ಲ. ಬೆಳಿಗ್ಗೆ ಎದ್ದು ಮೇಲ್ ನೋಡಿದಾಗಲೇ ಮಾರಾಟವಾಗಿದೆ ಎಂದು ಗೊತ್ತಾಗುವುದು.

ಇದರ ಜೊತೆಗೆ ಹೆಸರಿನ ಮೇಲೇ ಒಂದು ಮಾರಾಟದ ಪುಟ ಇರಲೇಬೇಕು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಹೂಯಿಸ್ ದಾಖಲೆಯಲ್ಲಿ ಮಾಲೀಕರ ಹೆಸರು, ಇಮೇಲ್ ಕಾಣುವುದು ಬಹುತೇಕ ನಿಂತಿದೆ. ಮುಂಚೆ ಗಿರಾಕಿಗಳು ಅಲ್ಲಿಂದ ವಿಳಾಸ ಹುಡುಕಿ ಬರೆಯುತ್ತಿದ್ದರು. ಈಗ ಅವರು ಮೊದಲು ಮಾಡುವ ಕೆಲಸ ಆ ಹೆಸರನ್ನೇ ಬ್ರೌಸರಿನಲ್ಲಿ ತೆರೆಯುವುದು. ಅಲ್ಲಿ ಏನೂ ಇಲ್ಲದಿದ್ದರೆ, ಅಥವಾ ಅರ್ಥವಿಲ್ಲದ ಜಾಹೀರಾತು ತುಂಬಿದ್ದರೆ, ಅವರು ಬೇರೆ ಹೆಸರಿಗೆ ಹೋಗುತ್ತಾರೆ. ಹೆಸರು, ಬೆಲೆ, ಕೊಳ್ಳುವ ಗುಂಡಿ, ಕಂತಿನ ಸೌಲಭ್ಯ, ಪ್ರಶ್ನೆ ಕೇಳಲು ಒಂದು ಜಾಗ ಇಷ್ಟಿದ್ದರೆ ಸಾಕು. ಪಟ್ಟಿ, ಪುಟ ಈ ಎರಡನ್ನೂ ಅಚ್ಚುಕಟ್ಟಾಗಿ ಮಾಡಿಟ್ಟು, ಹೆಸರನ್ನು ಆ ಪುಟಕ್ಕೆ ಜೋಡಿಸುವ ನೇಮ್‌ಸರ್ವರ್ ಸರಿಯಾಗಿದೆಯೇ ಎಂದು ಆಗಾಗ ನೋಡುತ್ತಿದ್ದರೆ, ಸಣ್ಣ ವ್ಯಾಪಾರಿಯ ಕೆಲಸದಲ್ಲಿ ಮುಕ್ಕಾಲು ಪಾಲು ಮುಗಿಯಿತು.

ಬೆಲೆ ಹಾಕುವುದೇ ಕಷ್ಟದ ಭಾಗ. ತಾನಾಗಿ ಬೆಲೆ ಕಟ್ಟುವ ಯಂತ್ರಗಳಿವೆ. ಅವು ಕೊಡುವ ಅಂಕಿಯನ್ನು ನಂಬಿ ಬೆಲೆ ಹಾಕಬೇಡಿ ಎಂದೇ ನಾನು ಹೇಳುವುದು. ಅದಕ್ಕಿಂತ ನೇಮ್‌ಬಯೋ ತಾಣದಲ್ಲಿ ದಾಖಲಾದ ಹಿಂದಿನ ಮಾರಾಟಗಳನ್ನು ನೋಡುವುದು ಮೇಲು: ಅದೇ ಬಗೆಯ, ಅದೇ ಉದ್ದದ, ಡಾಟ್ ಕಾಮ್, ಡಾಟ್ ಇನ್ ಎಂಬಂಥ ಅದೇ ಕೊನೆಯಿರುವ ಹೆಸರುಗಳು ಎಷ್ಟಕ್ಕೆ ಹೋಗಿವೆ, ಹರಾಜಿನಲ್ಲೋ ಮಾರ್ಕೆಟ್‌ಪ್ಲೇಸ್‌ನಲ್ಲೋ, ಯಾವ ವರ್ಷ. ಅರ್ಥವತ್ತಾದ ಎರಡು ಪದದ ಡಾಟ್ ಕಾಮ್ ಹೆಸರುಗಳಿಗೆ 1,500ರಿಂದ 5,000 ಡಾಲರ್ ನಡುವೆ ಬೆಲೆ ಹಾಕುವವರೇ ಹೆಚ್ಚು. ಈ ಮೊತ್ತವನ್ನು ಸಣ್ಣ ಕಂಪನಿಯ ಮಾಲೀಕರು ಯಾರನ್ನೂ ಕೇಳದೆ ಕಾರ್ಡಿನಲ್ಲಿ ಕಟ್ಟಬಲ್ಲರು. ಅದನ್ನು ದಾಟಿದರೆ ಪಾಲುದಾರರ ಸಭೆಯಾಗಬೇಕು. ಬೆಲೆ ಹೇಳದೆ ‘ಆಫರ್ ಕೊಡಿ’ ಎಂದಷ್ಟೇ ಬರೆದಿಟ್ಟರೆ ಬರುವುದು 50, 100 ಡಾಲರಿನ ಮಾತುಗಳೇ. ನಿಜವಾದ ಗಿರಾಕಿಗಳಲ್ಲಿ ಬಹಳಷ್ಟು ಜನ ಚೌಕಾಸಿಗೆ ಹೇಸಿ ಸುಮ್ಮನೆ ಹೊರಟುಹೋಗುತ್ತಾರೆ. ಒಂದೇ ಪದದ, ಮೂರಕ್ಷರದ, ನಿಜಕ್ಕೂ ಅಪರೂಪದ ಹೆಸರುಗಳಿಗೆ ಮಾತ್ರ ಬೆಲೆ ಹೇಳದೆ ಕಾಯುವುದು ಸರಿ.

ಮಾತುಕತೆಗೆ ಬಂದವರ ಹತ್ತಿರ ಎಷ್ಟಕ್ಕೆ ಕೊಂಡಿದ್ದೆವು ಎಂಬ ಕಥೆ ಹೇಳುವ ಅಗತ್ಯವಿಲ್ಲ. ಅವರಿಗೆ ಅದು ಎಷ್ಟು ಉಪಯೋಗ ಎಂಬುದರ ಮೇಲೆ ಮಾತು ನಿಲ್ಲಲಿ. ಒಂದೇ ಗಂಟಿನಲ್ಲಿ ಕೊಡಲಾಗದವರಿಗೆ ಕಂತಿನ ಮಾರಾಟ ಈಗ ಚೆನ್ನಾಗಿ ನಡೆಯುತ್ತದೆ. ತಿಂಗಳಿಗಿಷ್ಟು ಎಂದು ಹನ್ನೆರಡೋ ಇಪ್ಪತ್ತನಾಲ್ಕೋ ಕಂತು, ಪೂರ್ತಿ ಹಣ ಸಂದಾಯವಾಗುವವರೆಗೆ ಹೆಸರು ಮಧ್ಯಸ್ಥ ಸಂಸ್ಥೆಯ ಕೈಯಲ್ಲಿ. ಅರ್ಧಕ್ಕೇ ನಿಲ್ಲಿಸಿದರೆ ಕಟ್ಟಿದ ಕಂತೂ ನಮ್ಮದು, ಹೆಸರೂ ನಮ್ಮದು. ಹೊಸ ಸ್ಟಾರ್ಟಪ್‌ಗಳಿಗೆ ಇದರಷ್ಟು ಹಿತವಾದ ಏರ್ಪಾಡು ಬೇರೆ ಇಲ್ಲ.

ನಿಘಂಟಿನಲ್ಲಿಲ್ಲದ, ಕಿವಿಗೆ ಹಿತವಾಗಿ ಕೇಳುವ ಹೊಸ ಹೆಸರುಗಳಿಗೆ ಬ್ರ್ಯಾಂಡ್‌ಬಕೆಟ್, ಆ್ಯಟಮ್‌ನಂಥ ಪ್ರತ್ಯೇಕ ತಾಣಗಳಿವೆ. ಅವು ಹೆಸರನ್ನು ಆರಿಸಿ, ಲೋಗೋ ಬರೆಸಿ, ಅಂದವಾಗಿ ಇಡುತ್ತವೆ; ಕಮಿಷನ್ ಮಾತ್ರ ಸಾಮಾನ್ಯ ತಾಣಗಳಿಗಿಂತ ಹೆಚ್ಚು. ಇಂಥ ಹೆಸರಿಗೆ ಇಂಥದೇ ಅಂಗಡಿ ಬೇಕು, ಆದ್ದರಿಂದ ಆ ಕಮಿಷನ್ ದುಬಾರಿಯೆನಿಸುವುದಿಲ್ಲ. ಇನ್ನು ದಲ್ಲಾಳಿಗಳು ಕೈಹಾಕುವುದು ದೊಡ್ಡ ಮೊತ್ತದ ಹೆಸರುಗಳಿಗೆ. ವಾಯ್ಸ್ ಡಾಟ್ ಕಾಮ್ ಮಾರಾಟದಲ್ಲಿ, ಅದನ್ನು ಮಾರಿದ ಮೈಕ್ರೋಸ್ಟ್ರಾಟೆಜಿ ಕಂಪನಿಯ ಪರವಾಗಿ ನಿಂತದ್ದು ಗೋಡ್ಯಾಡಿಯ ದಲ್ಲಾಳಿಗಳು. ಸಾವಿರ ಡಾಲರಿನ ಹೆಸರಿಗೆ ಒಳ್ಳೆಯ ದಲ್ಲಾಳಿ ಸಿಗುವುದಿಲ್ಲ. ಸಿಕ್ಕಿ ಮುಂಗಡ ಕೇಳಿದರೆ ಅವರು ಒಳ್ಳೆಯವರಲ್ಲ.

ತಾವೇ ಗಿರಾಕಿಯನ್ನು ಹುಡುಕಿಕೊಂಡು ಹೋಗಿ ಮೇಲ್ ಬರೆಯುವ ದಾರಿಯ ಬಗ್ಗೆ ಹೊಸಬರಿಗೆ ಬಹಳ ಆಸೆ. ಫಲ ಕೊಡುವ ದಾರಿ ಹೌದು, ಆದರೆ ಶ್ರಮದ್ದು. ಸಾವಿರ ಜನಕ್ಕೆ ಒಂದೇ ಪತ್ರ ಎಸೆದರೆ ನಮ್ಮ ಮೇಲ್ ವಿಳಾಸವೇ ಕಪ್ಪುಪಟ್ಟಿಗೆ ಸೇರುತ್ತದೆ. ಮೈಸೂರು ಹೋಮ್‌ಸ್ಟೇ ಎಂಬರ್ಥದ ಒಂದು ಹೆಸರು ಕೈಯಲ್ಲಿದೆ ಎನ್ನಿ. ಮೈಸೂರಿನಲ್ಲಿ ಹೋಮ್‌ಸ್ಟೇ ನಡೆಸುವ, ಅದಕ್ಕೆ ಜಾಹೀರಾತು ಕೊಡುವ, ಉದ್ದನೆಯ ಅಥವಾ ಹೈಫನ್ ಇರುವ ವಿಳಾಸದಲ್ಲಿ ಒದ್ದಾಡುತ್ತಿರುವ ಇಪ್ಪತ್ತು ಮಾಲೀಕರನ್ನು ಗುರುತಿಸಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಬೇಕು. ಪತ್ರ ನಾಲ್ಕು ಸಾಲು ಮೀರಬಾರದು: ಈ ಹೆಸರು ನನ್ನ ಬಳಿ ಮಾರಾಟಕ್ಕಿದೆ, ನಿಮ್ಮ ವ್ಯವಹಾರಕ್ಕೆ ಹೊಂದುತ್ತದೆ ಎನಿಸಿತು, ಬೆಲೆ ಇಷ್ಟು, ನನ್ನ ಹೆಸರು ಮತ್ತು ಫೋನ್ ಸಂಖ್ಯೆ ಇದು. ‘ನೀವು ಕೊಳ್ಳದಿದ್ದರೆ ನಿಮ್ಮ ಪ್ರತಿಸ್ಪರ್ಧಿಗೆ ಕೊಡುತ್ತೇನೆ’ ಎಂಬ ಮಾತು ಎಂದಿಗೂ ಬೇಡ. ಅದು ವ್ಯಾಪಾರವಲ್ಲ, ಬೆದರಿಕೆ. ಕಾನೂನಿನ ಕಣ್ಣಿಗೂ ಅದು ಹಾಗೆಯೇ ಕಾಣುತ್ತದೆ.

ಏಕೆಂದರೆ ಇಲ್ಲೊಂದು ಗೆರೆಯಿದೆ. ಎಲ್ಲರದೂ ಆದ ಪದವನ್ನು ಮಾರುವುದು ವ್ಯಾಪಾರ. ಇನ್ನೊಬ್ಬರು ದುಡಿದು ಗಳಿಸಿದ ಹೆಸರನ್ನು ಅವರಿಗೇ ಮಾರಲು ಹೋಗುವುದು ಕಬಳಿಕೆ. ಟ್ರೇಡ್‌ಮಾರ್ಕ್ ಇರುವ ಹೆಸರನ್ನು ಅದರ ಮಾಲೀಕರಿಗೇ ಮಾರುವ ಉದ್ದೇಶದಿಂದ ನೋಂದಾಯಿಸುವುದನ್ನು, ಡೊಮೇನ್ ವ್ಯವಸ್ಥೆಯ ಮೇಲ್ವಿಚಾರಣೆ ನೋಡುವ ಐಕ್ಯಾನ್ ಸಂಸ್ಥೆ 1999ರಲ್ಲಿ ಜಾರಿಗೆ ತಂದ ವ್ಯಾಜ್ಯ ಪರಿಹಾರ ನೀತಿ ಕೆಟ್ಟ ಉದ್ದೇಶಕ್ಕೆ ಸಾಕ್ಷಿಯೆಂದೇ ಎಣಿಸುತ್ತದೆ. ನಾವೇ ಬರೆದ ಮೇಲ್ ನಮ್ಮ ವಿರುದ್ಧ ದಾಖಲೆಯಾಗಿ ನಿಲ್ಲುತ್ತದೆ.

ಭಾರತದಲ್ಲಿ ಈ ಗೆರೆಯನ್ನು ಎಳೆದುಕೊಟ್ಟ ಮುಖ್ಯ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಸತ್ಯಂ ಇನ್ಫೋವೇ ಕಂಪನಿ ತನ್ನ ಎರಡು ಪದಗಳನ್ನು ಬೆಸೆದು ‘ಸಿಫಿ’ ಎಂಬ ಹೆಸರು ಕಟ್ಟಿಕೊಂಡು 1999ರಲ್ಲೇ ಹಲವು ಡೊಮೇನ್‌ಗಳನ್ನು ನೋಂದಾಯಿಸಿತ್ತು. 2001ರಲ್ಲಿ ಸಿಫಿನೆಟ್ ಸಲ್ಯೂಷನ್ಸ್ ಎಂಬ ಇನ್ನೊಂದು ಸಂಸ್ಥೆ ಒಂದಕ್ಷರ ಹೆಚ್ಚಿರುವ, ಉಚ್ಚಾರದಲ್ಲಿ ಬೇರೆ ಮಾಡಲಾಗದ ಹೆಸರಿನಲ್ಲಿ ವ್ಯವಹಾರ ತೆರೆಯಿತು. ಇದು ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ್ದು ಎಂಬುದು ಅವರ ವಾದ. ಸಿಟಿ ಸಿವಿಲ್ ಕೋರ್ಟ್ ಸತ್ಯಂ ಪರವಾಗಿ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಟಿ ಸಿವಿಲ್ ಕೋರ್ಟಿನ ಆದೇಶವನ್ನೇ ಮತ್ತೆ ನಿಲ್ಲಿಸಿತು. ಐವರ ಮೊದಲಕ್ಷರದ ಕಥೆಯನ್ನು ಅದು ನಂಬಲಿಲ್ಲ. ಡೊಮೇನ್ ಬರೀ ವಿಳಾಸವಲ್ಲ, ಅದಕ್ಕೆ ಟ್ರೇಡ್‌ಮಾರ್ಕಿನ ಗುಣವಿದೆ, ಡೊಮೇನ್‌ಗೆಂದೇ ಬೇರೆ ಕಾನೂನು ಇಲ್ಲದಿದ್ದರೂ ಇನ್ನೊಬ್ಬರ ಸೋಗು ಹಾಕುವುದನ್ನು ತಡೆಯುವ ಹಳೆಯ ನ್ಯಾಯತತ್ವ ಇಲ್ಲೂ ಅನ್ವಯಿಸುತ್ತದೆ ಎಂದು ಆ ತೀರ್ಪು ಸ್ಪಷ್ಟಪಡಿಸಿತು. ಡೊಮೇನ್ ಮಾರಲು ಹೊರಡುವ ಕನ್ನಡಿಗರು ಈ ತೀರ್ಪಿನ ಸಾರವನ್ನಾದರೂ ಒಮ್ಮೆ ಓದಿಕೊಳ್ಳಬೇಕು.

ಡಾಟ್ ಇನ್ ಹೆಸರುಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಐಕ್ಯಾನ್ ನೀತಿಯಲ್ಲಿ, ಹೆಸರನ್ನು ಕೆಟ್ಟ ಉದ್ದೇಶದಿಂದ ನೋಂದಾಯಿಸಿದ್ದೂ ಹೌದು, ಹಾಗೆ ಬಳಸಿದ್ದೂ ಹೌದು ಎಂದು ದೂರುದಾರರು ಎರಡನ್ನೂ ತೋರಿಸಬೇಕು. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಮ್ಮ ನಿಕ್ಸಿ ಸಂಸ್ಥೆಯ ನೀತಿಯಲ್ಲಿ ಎರಡರಲ್ಲಿ ಒಂದನ್ನು ತೋರಿಸಿದರೆ ಸಾಕು. ಜಾಗತಿಕ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆಯೇ ಈಚಿನ ವರ್ಷಗಳಲ್ಲಿ ವರ್ಷಕ್ಕೆ 6,000ಕ್ಕೂ ಹೆಚ್ಚು ಇಂಥ ದೂರುಗಳು ಬರುತ್ತಿವೆ. ಅಲ್ಲಿ ದೂರು ಕೊಡಲು ಕಂಪನಿಗೆ ತಗಲುವ ಶುಲ್ಕ 1,500 ಡಾಲರ್, ಅಂದರೆ ನಾವು ಕೇಳುವ ಬೆಲೆಗಿಂತ ಅದೇ ಅಗ್ಗ. 2024ರ ಅಕ್ಟೋಬರ್‌ನಲ್ಲಿ ಜಿಯೋ ಮತ್ತು ಹಾಟ್‌ಸ್ಟಾರ್ ಹೆಸರುಗಳನ್ನು ಜೋಡಿಸಿ ಮೊದಲೇ ನೋಂದಾಯಿಸಿಟ್ಟಿದ್ದ ದೆಹಲಿಯ ತರುಣರೊಬ್ಬರು, ತಮ್ಮ ಕೇಂಬ್ರಿಜ್ ವ್ಯಾಸಂಗದ ವೆಚ್ಚ ಕೊಟ್ಟರೆ ಹೆಸರು ಬಿಟ್ಟುಕೊಡುವುದಾಗಿ ರಿಲಯನ್ಸ್‌ಗೆ ಬರೆದದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಕಂಪನಿ ಒಪ್ಪಲಿಲ್ಲ; ಹೆಸರು ದುಬೈನ ಇಬ್ಬರು ಮಕ್ಕಳ ಕೈಗೆ ಹೋಗಿ, ಅವರು ಅದನ್ನು ಉಚಿತವಾಗಿಯೇ ಕೊಡಲು ಮುಂದಾದರು. ಆ ತರುಣರ ಕನಸಿನ ಬಗ್ಗೆ ನನಗೆ ಸಹಾನುಭೂತಿಯಿದೆ. ಆದರೆ ಎರಡು ಬ್ರ್ಯಾಂಡುಗಳನ್ನು ಕೂಡಿಸಿ ಇಡುವ ಊಹೆಯಲ್ಲಿ ಸ್ವಂತದ್ದೆನ್ನುವ ಆಸ್ತಿ ಏನೂ ಇರುವುದಿಲ್ಲ.

ಕರ್ನಾಟಕದ ಹೆಸರುಗಳಲ್ಲೂ ಇದೇ ಮಾತು. ನಂದಿನಿ ಕೆಎಂಎಫ್‌ನ ಸ್ವತ್ತು. ಮೈಸೂರು ಸ್ಯಾಂಡಲ್ ಸರ್ಕಾರಿ ಸಾಬೂನು ಕಾರ್ಖಾನೆಯದು. ಮೈಸೂರು ರೇಷ್ಮೆಗೆ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಇವುಗಳ ಹಿಂದೆ ಮುಂದೆ ಪದ ಸೇರಿಸಿ ಡೊಮೇನ್ ಮಾಡುವುದು ಬೇಡ. ಊರಿನ ಹೆಸರಿನ ಜೊತೆ ಸಾಮಾನ್ಯ ವ್ಯವಹಾರದ ಪದ ಕೂಡಿಸಿದ ಹೆಸರುಗಳು ಬೇರೆ. ದಂತವೈದ್ಯರು, ಕೇಟರಿಂಗ್‌ನವರು, ಟ್ಯಾಕ್ಸಿಯವರು, ಬಾಡಿಗೆ ಮನೆಯವರು ಇವುಗಳ ನಿಜವಾದ ಗಿರಾಕಿಗಳು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಕಲಬುರಗಿ, ಬೆಳಗಾವಿ ಸೇರಿ 12 ಊರುಗಳ ಇಂಗ್ಲಿಷ್ ಬರಹ ಬದಲಾದ ಮೇಲೆ ಇಂಥ ಪ್ರತಿ ಹೆಸರಿಗೂ ಹಳೆಯದೊಂದು, ಹೊಸದೊಂದು ರೂಪವಿದೆ. ಎರಡೂ ಒಬ್ಬರ ಕೈಯಲ್ಲಿದ್ದರೆ ಗಿರಾಕಿಗೆ ನೆಮ್ಮದಿ, ಜೊತೆಯಾಗಿಯೇ ಮಾರುವುದು ಲೇಸು. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರುಗಳಿಗೆ ಒಂದು ಸರಳ ಪರೀಕ್ಷೆಯಿದೆ: ಫೋನಿನಲ್ಲಿ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುತ್ತಾರೆಯೇ? ‘ಮನೆ’ಯನ್ನು ಬರೆದುಕೊಳ್ಳಬಹುದು, ‘ಊಟ’ದಲ್ಲಿ ಇಬ್ಬರು ಎರಡು ಬಗೆ ಬರೆಯುತ್ತಾರೆ. ಸ್ಥಳೀಯ ಹೆಸರುಗಳಿಗೆ ಇಲ್ಲಿಯ ಗಿರಾಕಿಗಳು ಕೊಡುವುದು ಡಾಲರ್ ಲೆಕ್ಕದ ಬೆಲೆಯಲ್ಲ, ಹತ್ತೋ ಇಪ್ಪತ್ತೈದೋ ಸಾವಿರ ರೂಪಾಯಿ. ಅದಕ್ಕೆ ತಕ್ಕಂತೆ ಕಡಿಮೆ ಕೊಂಡು, ಹುಡುಕಿಕೊಂಡು ಹೋಗಿ ಬೇಗ ಮಾರಬೇಕು. ಕನ್ನಡ ಲಿಪಿಯಲ್ಲೇ ಇರುವ ‘.ಭಾರತ’ ವಿಳಾಸಗಳು ಬಳಸಲು ಹೆಮ್ಮೆಯವು, ಬಳಸಬೇಕು ಕೂಡ. ಮರುಮಾರಾಟದ ಆಸೆಯಿಂದ ಕೊಳ್ಳುವ ಕಾಲ ಇನ್ನೂ ಬಂದಿಲ್ಲ.

ಮೋಸದ ವಿಚಾರವನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಸಬರು ಬೀಳುವುದು ಒಂದೇ ಗುಂಡಿಗೆ. ಮೇಲ್ ಬರುತ್ತದೆ: ನಿಮ್ಮ ಹೆಸರಿನಲ್ಲಿ ಆಸಕ್ತಿಯಿದೆ, ಬೆಲೆ ಎಷ್ಟು? ನೀವು 3,000 ಡಾಲರ್ ಎನ್ನುತ್ತೀರಿ. ಅವರು ಚೌಕಾಸಿಯನ್ನೇ ಮಾಡದೆ, ನನ್ನ ಹೂಡಿಕೆದಾರರು ಇದಕ್ಕಿಂತ ಹೆಚ್ಚು ಕೊಡಲೂ ಸಿದ್ಧ ಎನ್ನುತ್ತಾರೆ. ಎರಡು ದಿನ ಬಿಟ್ಟು ಇನ್ನೊಂದು ಮೇಲ್: ಎಲ್ಲ ಸರಿ, ಒಂದು ಮೌಲ್ಯಮಾಪನ ಪತ್ರ ಬೇಕು, ಯಂತ್ರದ್ದು ಆಗದು, ಮನುಷ್ಯರೇ ಮಾಡಿದ್ದಾಗಬೇಕು. ಎಲ್ಲಿ ಸಿಗುತ್ತದೆಂದು ನೀವು ಕೇಳುವ ಮೊದಲೇ ಒಂದು ತಾಣದ ಕೊಂಡಿ ಬಂದಿರುತ್ತದೆ. ಅಲ್ಲಿ ನೂರೋ ನೂರೈವತ್ತೋ ಡಾಲರ್ ಕಟ್ಟಿದರೆ ಅಂದವಾದ ಪ್ರಮಾಣಪತ್ರ ಸಿಗುತ್ತದೆ, ಗಿರಾಕಿ ಮಾಯವಾಗುತ್ತಾರೆ. ಆ ತಾಣವೂ ಅವರದೇ. ನಿಜವಾದ ಗಿರಾಕಿ ಮಾರುವವರಿಂದ ಒಂದು ಪೈಸೆಯನ್ನೂ ಮುಂಗಡವಾಗಿ ಖರ್ಚು ಮಾಡಿಸುವುದಿಲ್ಲ. ಹಾಗೆಯೇ, ನಿಮ್ಮ ಹೆಸರಿಗೆ ಚೀನಾದ ಡೊಮೇನ್ ಕೊನೆ ಸೇರಿಸಿ ಯಾರೋ ನೋಂದಾಯಿಸಲು ಬಂದಿದ್ದಾರೆ, ನೀವೇ ಬೇಗ ಕೊಳ್ಳಿ ಎಂದು ಅಲ್ಲಿಯ ರಿಜಿಸ್ಟ್ರಾರ್ ಹೆಸರಿನಲ್ಲಿ ಬರುವ ಪತ್ರಗಳನ್ನೂ ಓದದೆ ಅಳಿಸಬಹುದು.

ಹೆಸರು ಕಳುವಾಗುವುದೂ ಉಂಟು. ಗ್ಯಾರಿ ಕ್ರೆಮೆನ್ 1994ರಲ್ಲಿ ನೋಂದಾಯಿಸಿದ್ದ ಸೆಕ್ಸ್ ಡಾಟ್ ಕಾಮ್ ಹೆಸರನ್ನು ಮರುವರ್ಷ ಒಬ್ಬ ವಂಚಕ ಒಂದು ನಕಲಿ ಪತ್ರದಿಂದಲೇ ತನ್ನದಾಗಿಸಿಕೊಂಡಿದ್ದ. ಡೊಮೇನ್ ಕೂಡ ಕದಿಯಬಹುದಾದ ಆಸ್ತಿಯೇ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಹೇಳುವವರೆಗೆ ಆ ಹೋರಾಟ ನಡೆಯಿತು. ಹಾಗಾಗಿ ಖಾತೆಗೆ ಎರಡು ಹಂತದ ಬೀಗ ಇರಲಿ. ಸ್ವತಃ ಮಾರುವಾಗ ಹಣ ಮೊದಲು ಎಸ್ಕ್ರೋ ಡಾಟ್ ಕಾಮ್‌ನಂಥ ಮಧ್ಯಸ್ಥರ ಕೈಗೆ ಬರಬೇಕು. ಹಣ ಬಂದಿದೆ ಎಂದು ಅವರು ತಮ್ಮ ತಾಣದಲ್ಲೇ ತೋರಿಸಿದ ಮೇಲೆ ಹೆಸರಿನ ಬೀಗ ತೆಗೆದು ವರ್ಗಾವಣೆಯ ಗುಪ್ತಸಂಖ್ಯೆ ಕೊಡಬೇಕು. ಹೊಸದಾಗಿ ನೋಂದಾಯಿಸಿದ ಹೆಸರನ್ನು 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವಂತಿಲ್ಲ ಎಂಬುದನ್ನು ಗಿರಾಕಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಅದೇ ರಿಜಿಸ್ಟ್ರಾರ್‌ನಲ್ಲಿ ಖಾತೆಯಿಂದ ಖಾತೆಗೆ ದಾಟಿಸಲು ಸಾಮಾನ್ಯವಾಗಿ ತೊಡಕಿಲ್ಲ. ವಿದೇಶದಿಂದ ಹಣ ಬಂದಾಗ ಬ್ಯಾಂಕು ಉದ್ದೇಶದ ಕೋಡ್ ಕೇಳುತ್ತದೆ, ಆದಾಯ ತೆರಿಗೆಯ ಲೆಕ್ಕವೂ ಇರುತ್ತದೆ. ಕೊಂಡ ರಸೀದಿ, ನವೀಕರಣದ ರಸೀದಿಗಳನ್ನೆಲ್ಲ ಮೊದಲ ದಿನದಿಂದ ಇಟ್ಟುಕೊಂಡು ಒಬ್ಬ ಆಡಿಟರನ್ನು ಕಾಣಬೇಕು.

ಹೊಸ ಕೊನೆಗಳ ಅಲೆ ಆಗಾಗ ಏಳುತ್ತದೆ. ಸದ್ಯದ್ದು ಡಾಟ್ ಎಐ. ಕೆರಿಬಿಯನ್ ಸಮುದ್ರದ ಅಂಗ್ವಿಲಾ ಎಂಬ ಪುಟ್ಟ ದ್ವೀಪಕ್ಕೆ ದೇಶದ ಗುರುತಾಗಿ ಸಿಕ್ಕ ಎರಡಕ್ಷರ ಇದು. 2023ರಲ್ಲಿ ಅಲ್ಲಿಯ ಸರ್ಕಾರಕ್ಕೆ ಇದರಿಂದ ಸುಮಾರು 3.2 ಕೋಟಿ ಡಾಲರ್ ಬಂತು, ಒಟ್ಟು ಆದಾಯದ ಐದನೇ ಒಂದಕ್ಕೂ ಮಿಗಿಲು. ಯೂ ಡಾಟ್ ಎಐ ಅದೇ ವರ್ಷ 7 ಲಕ್ಷ ಡಾಲರಿಗೆ ಹೋಯಿತು. ಬೇಡಿಕೆ ನಿಜವಾದದ್ದು, ಆದರೆ ಇಲ್ಲಿ ನೋಂದಣಿ ಕನಿಷ್ಠ ಎರಡು ವರ್ಷಕ್ಕೆ, ದರ ಡಾಟ್ ಕಾಮ್‌ನ ಹಲವು ಪಟ್ಟು. ನೂರು ಹೆಸರು ಇಡುವ ದುಡ್ಡಿನಲ್ಲಿ ಇಲ್ಲಿ ಇಡಬಹುದಾದ್ದು ಹದಿನೈದು. ಆದ್ದರಿಂದ ಒಂದೇ ಪದದ, ಎಐ ಕಂಪನಿಗಳಿಗೆ ನೇರವಾಗಿ ಬೇಕಾದ ಹೆಸರಲ್ಲದೆ ಬೇರೆಯದಕ್ಕೆ ಕೈ ಹಾಕಬಾರದು. ಇತರ ಹೊಸ ಕೊನೆಗಳಲ್ಲಿ ಕೆಲವು ಹೆಸರಿಗೆ ಮೊದಲ ವರ್ಷದ ದರ ನೂರು ರೂಪಾಯಿ, ಎರಡನೇ ವರ್ಷದ್ದು ಸಾವಿರಾರು. ಕೊಳ್ಳುವ ಮೊದಲು ನವೀಕರಣದ ದರವನ್ನು ಓದದಿದ್ದರೆ ಕೈ ಸುಡುತ್ತದೆ.

ಕೊನೆಗೆ ಉಳಿಯುವುದು ಮಾರಾಟವಾಗದ ತೊಂಬತ್ತೆಂಟು ಹೆಸರುಗಳ ಪ್ರಶ್ನೆ. ಡೊಮೇನನ್ನು ಊರಾಚೆಯ ಸೈಟಿಗೆ ಹೋಲಿಸುವವರಿದ್ದಾರೆ. ಸೈಟು ಹತ್ತು ವರ್ಷ ಖಾಲಿ ಬಿದ್ದಿದ್ದರೂ ಹೆಚ್ಚು ಖರ್ಚು ಕೇಳುವುದಿಲ್ಲ, ಅಕ್ಕಪಕ್ಕ ಮನೆ ಎದ್ದಂತೆ ಬೆಲೆ ಏರುತ್ತದೆ. ಡೊಮೇನ್ ಪ್ರತಿ ವರ್ಷವೂ ಹಣ ಕೇಳುತ್ತದೆ, ಏರುವುದು ಒಳ್ಳೆಯವುಗಳ ಬೆಲೆ ಮಾತ್ರ. ಹಾಗಾಗಿ ನವೀಕರಣಕ್ಕೆ ಎರಡು ತಿಂಗಳು ಮೊದಲೇ ಪಟ್ಟಿ ಹಿಡಿದು ಕೂರಬೇಕು. ಎರಡು ವರ್ಷದಲ್ಲಿ ಒಂದೂ ವಿಚಾರಣೆ ಬರದ, ಅದೇ ಪದವನ್ನು ಬಳಸುವ ನಾಲ್ಕು ಕಂಪನಿಗಳನ್ನೂ ಹೆಸರಿಸಲಾಗದ, ಇವತ್ತು ಮಾರಾಟಕ್ಕೆ ಬಂದಿದ್ದರೆ ನಾವೇ ಕೊಳ್ಳಲು ಮನಸ್ಸು ಮಾಡದ ಹೆಸರುಗಳನ್ನು ಗುರುತು ಹಾಕಬೇಕು. ಅವನ್ನು ಬೆಲೆ ಇಳಿಸಿ ಹರಾಜಿಗೆ ಹಾಕಿ ನೋಡಿ, ಹೋಗದಿದ್ದರೆ ಬಿಟ್ಟುಬಿಡಬೇಕು. ಐವತ್ತು ಹೆಸರು ಬಿಟ್ಟರೆ ವರ್ಷಕ್ಕೆ 60,000 ರೂಪಾಯಿ ಉಳಿಯುತ್ತದೆ, ಅಂದರೆ ಸುಮಾರು 700 ಡಾಲರ್. ಅವಧಿ ಮೀರಿದ ಹೆಸರುಗಳ ಹರಾಜಿನಲ್ಲಿ ಆ ಮೊತ್ತಕ್ಕೆ ಎರಡು ಪದದ, ಹತ್ತಾರು ಕಂಪನಿಗಳು ಬಳಸುತ್ತಿರುವ ಒಂದು ಡಾಟ್ ಕಾಮ್ ಸಿಗಬಹುದು. ಮೂರು ಸಾವಿರ ಡಾಲರಿನ ಬೆಲೆ ಬರೆದು ಕಾಯಲು ಅಂಥ ಒಂದು ಹೆಸರು ಆ ಐವತ್ತಕ್ಕಿಂತ ಮೇಲು.